ಹಾಯಿದೋಣಿಯ ಹಲಗೆಗೆ ಬಾಗಿಲಿನ ಪ್ಲೈವುಡ್ ಸಾಕಾ?

ದಾವಣಗೆರೆಯಲ್ಲಿ ಕೂತು ದೋಣಿ ರಿಪೇರಿ ಬಗ್ಗೆ ಬರೆಯುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಬಾಗಿಲು ಕಿರುಗುಟ್ಟುತ್ತದೆ, ನೀರಿನ ಟ್ಯಾಂಕ್ ಸೋರುತ್ತದೆ, ಇಂಥ ಪತ್ರಗಳೇ ಜಾಸ್ತಿ. ಈ ಸಲ ಹಿರಿಯೂರಿನಿಂದ ಬಂದ ಒಂದು ಪತ್ರ ಓದಿ ಖುಷಿಯಾಯಿತು. ಊರಿಗೆ ಬರುವ ಮುಂಚೆ ಕರಾವಳಿಯಲ್ಲಿ ಕೆಲವು ವರ್ಷ ದೋಣಿ ಕೆಲಸ ಮಾಡಿದವನು ನಾನು. ಆ ಕೈ ಇನ್ನೂ ಮರೆತಿಲ್ಲ. ಆ ಪತ್ರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನಾನು ಮತ್ತು ನನ್ನ ಭಾವಮೈದುನ ಸೇರಿ ಹನ್ನೆರಡು ಅಡಿಯ ಹಳೇ ಫೈಬರ್ ಹಾಯಿದೋಣಿ ಕೊಂಡಿದ್ದೇವೆ. ಅನುಮತಿ ತೆಗೆದುಕೊಂಡು ವಾಣಿವಿಲಾಸ ಸಾಗರದಲ್ಲಿ ಓಡಿಸುವ ಆಸೆ. ದೋಣಿಯ ನಡುವಿನ ಸೀಳಿನಲ್ಲಿ ಕೆಳಗೆ ಇಳಿಬಿಡುವ ಹಲಗೆ, ಸೆಂಟರ್‌ಬೋರ್ಡ್, ಉಬ್ಬಿ ಸಿಕ್ಕಿಹಾಕಿಕೊಂಡಿತ್ತು. ಸುತ್ತಿಗೆಯಿಂದ ಬಡಿದು ತೆಗೆಯಲು ಹೋಗಿ ಎರಡು ತುಂಡಾಯಿತು. ಹೊಸದಕ್ಕೆ ಕೇಳಿದ ಬೆಲೆ ದೋಣಿಗೆ ಕೊಟ್ಟ ದುಡ್ಡಿನ ಅರ್ಧ. ಮನೆ ಬಾಗಿಲಿಗೆ ತಂದ 18 ಎಂ.ಎಂ. ಪ್ಲೈವುಡ್ ಉಳಿದಿದೆ. ಅದರಲ್ಲೇ ಕೊರೆದು ಪೇಂಟ್ ಹೊಡೆದರೆ ಆಗಲ್ವಾ? ಹಳೆಯದರ ಉದ್ದ 110 ಸೆಂ.ಮೀ., ಅಗಲ 30, ದಪ್ಪ 2. ಸೀಳಿನ ಅಗಲ ಎರಡೂವರೆ. — ಹಿರಿಯೂರಿನ ಓದುಗರು

ಉತ್ತರ: ಆಗುತ್ತದೆ. ಒಂದು ಮಳೆಗಾಲ ಬರುತ್ತದೆ, ಎರಡನೆಯದು ಬರುವುದಿಲ್ಲ.

ಮೊದಲು ಆ ಮುರಿದ ತುಂಡುಗಳನ್ನು ಬಿಸಾಡಬೇಡಿ. ಹಲಗೆ ಯಾವುದರ ಮೇಲೆ ತಿರುಗುತ್ತದೋ ಆ ಬೋಲ್ಟ್ ತೂರುವ ತೂತಿನ ಸುತ್ತ ನೋಡಿ. ಮರ ಕಪ್ಪಗಾಗಿ, ಉಗುರು ಒತ್ತಿದರೆ ಇಳಿಯುವಂತಿದ್ದರೆ ನಿಮ್ಮ ಹಲಗೆ ಸತ್ತಿದ್ದು ಸುತ್ತಿಗೆ ಏಟಿಗಲ್ಲ. ಆ ತೂತಿನಿಂದ ನೀರು ಕುಡಿದೂ ಕುಡಿದೂ ಉಬ್ಬಿ, ಸೀಳಿನಲ್ಲಿ ಬಿಗಿಯಾಗಿ, ಕೊನೆಗೆ ನಿಮ್ಮ ಕೈಗೆ ಸಿಕ್ಕಿತು ಅಷ್ಟೇ. ನಾನು ನೋಡಿದ ಹತ್ತು ಹಲಗೆಗಳಲ್ಲಿ ಎಂಟು ಹೀಗೇ ಹೋಗಿದ್ದು. ಜನ ಹಲಗೆಯ ಆಕಾರಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ತೂತನ್ನು ಮಾತ್ರ ಸುಮ್ನೆ ಡ್ರಿಲ್ ಹಾಕಿ ಬಿಟ್ಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಹಲಗೆ ಮಾಡುವ ಕೆಲಸ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಗಾಳಿ ಮುಂದಿನಿಂದ ಓರೆಯಾಗಿ ಬೀಸುವಾಗ ಹಾಯಿ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ತಳ್ಳುವುದೇ ಜಾಸ್ತಿ. ಆ ತಳ್ಳುವಿಕೆಯನ್ನು ತಡೆಯುವುದು ಈ ಹಲಗೆ. ಆದರೂ ದೋಣಿ ಮೂರರಿಂದ ಐದು ಡಿಗ್ರಿಯಷ್ಟು ಓರೆಯಾಗಿ ಜಾರುತ್ತಲೇ ಇರುತ್ತದೆ, ಅದರಿಂದಲೇ ನೀರು ಹಲಗೆಗೆ ಸ್ವಲ್ಪ ಓರೆಯಾಗಿ ಬಡಿದು, ವಿಮಾನದ ರೆಕ್ಕೆಯನ್ನು ಗಾಳಿ ಎತ್ತುವ ಹಾಗೆ, ಹಲಗೆಯನ್ನು ಗಾಳಿ ಬರುವ ಕಡೆಗೇ ಒತ್ತುತ್ತದೆ. ಅಂದರೆ ಇದು ನೀರಿನೊಳಗಿನ ರೆಕ್ಕೆ. ಗಾಳಿ ಎಡದಿಂದಲೂ ಬರುತ್ತದೆ, ಬಲದಿಂದಲೂ ಬರುತ್ತದೆ. ಹಾಗಾಗಿ ಎರಡೂ ಮುಖ ಒಂದೇ ತರ ಇರಬೇಕು.

ಈ ಆಕಾರಗಳ ಅಳತೆ ಕೈಗೆ ಸಿಗುತ್ತದೆ. ಅಮೆರಿಕದಲ್ಲಿ ವಿಮಾನ ಸಂಶೋಧನೆ ಮಾಡುತ್ತಿದ್ದ ನಾಕಾ ಎಂಬ ಸಂಸ್ಥೆ 1933ರಲ್ಲಿ 78 ರೆಕ್ಕೆ ಆಕಾರಗಳನ್ನು ಪರೀಕ್ಷೆ ಮಾಡಿ ವರದಿ ಪ್ರಕಟಿಸಿತ್ತು. ನಿಮ್ಮ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ಮೊದಲ ಸಲ ಕೋಡಿ ಬಿದ್ದ ವರ್ಷವೂ ಅದೇ, ಆಮೇಲೆ 2022ರವರೆಗೆ ಕಾಯಬೇಕಾಯಿತಲ್ಲ. ಆ ಪಟ್ಟಿಯ 0012 ಎಂಬ ಆಕಾರವನ್ನು ಸಣ್ಣ ದೋಣಿಯವರು ಇವತ್ತಿಗೂ ಬಳಸುತ್ತಾರೆ. ಕೊನೆಯ ಎರಡು ಅಂಕಿ ದಪ್ಪ ಹೇಳುತ್ತವೆ: ಅಗಲದ ನೂರಕ್ಕೆ ಹನ್ನೆರಡು. 30 ಸೆಂ.ಮೀ. ಅಗಲಕ್ಕೆ 36 ಎಂ.ಎಂ. ದಪ್ಪ ಬೇಕು. ನಿಮ್ಮ ಸೀಳೇ 25 ಎಂ.ಎಂ. ಅಲ್ಲಿಗೆ ಆ ಆಸೆ ಬಿಡಿ. ನಿಮಗೆ ಬರುವುದು ನೂರಕ್ಕೆ ಆರೂವರೆ, ಏಳು. ತೆಳು ಹಲಗೆಯ ತೊಂದರೆ ಏನೆಂದರೆ ದೋಣಿ ನಿಧಾನವಾಗಿರುವಾಗ ತಟ್ಟನೆ ಹಿಡಿತ ಬಿಡುತ್ತದೆ. ತಿರುಗಿಸಿದ ಮೇಲೆ ಕೂಡಲೇ ಗಾಳಿಗೆ ಎದುರು ಏರಲು ಹೋಗದೆ, ಸ್ವಲ್ಪ ವೇಗ ಹಿಡಿಯಲು ಬಿಟ್ಟರೆ ಸರಿಹೋಗುತ್ತದೆ.

ಈಗ ಮರ. ನಿಮ್ಮ ಬಾಗಿಲಿನ ಪ್ಲೈವುಡ್ ಮೇಲೆ ಐಎಸ್ 303 ಅಂತ ಇದೆಯಾ, ಐಎಸ್ 710 ಅಂತ ಇದೆಯಾ ನೋಡಿ. 710 ಇದ್ದರೆ ಅದು ಮೆರೀನ್ ಪ್ಲೈ, ಧೈರ್ಯವಾಗಿ ಬಳಸಿ. 303 ಆದರೆ ಮನೆಯೊಳಗಿನ ಕೆಲಸಕ್ಕೆ ಇಟ್ಟುಕೊಳ್ಳಿ. ಮುದ್ರೆ ಮೇಲೂ ನನಗೆ ಪೂರ್ತಿ ನಂಬಿಕೆ ಇಲ್ಲ. ಅಂಗೈ ಅಗಲದ ತುಂಡು ಕತ್ತರಿಸಿ ಮೂರ್ನಾಲ್ಕು ಗಂಟೆ ಕುದಿಯುವ ನೀರಿನಲ್ಲಿ ಹಾಕಿ. ಅಡುಗೆಮನೆ ಪಾತ್ರೆ ಬೇಡ, ಹಳೇ ಡಬ್ಬ ಸಾಕು. ಪದರ ಬಿಟ್ಟುಕೊಂಡರೆ ಅಲ್ಲಿಗೇ ತೀರ್ಮಾನವಾಯಿತು. ಅಂಚನ್ನೂ ನೋಡಿ, ಒಳಗೆ ಪೊಳ್ಳು ಇದ್ದರೆ ನಾಣ್ಯದಿಂದ ತಟ್ಟಿದಾಗ ಸದ್ದು ಬೇರೆ ಬರುತ್ತದೆ.

ನನ್ನನ್ನು ಕೇಳಿದರೆ ಹಳೇ ತೇಗ ಇನ್ನೂ ವಾಸಿ. ಪ್ಲೈವುಡ್ಡಿನಲ್ಲಿ ಸುಮಾರು ಅರ್ಧ ಪದರಗಳು ಅಡ್ಡಕ್ಕೆ ಇರುತ್ತವೆ. ಹಲಗೆ ಬಾಗುವುದು ಉದ್ದಕ್ಕೆ, ಅಲ್ಲಿ ಆ ಅಡ್ಡ ಪದರಗಳಿಂದ ಹೆಚ್ಚು ಬಲ ಸಿಗುವುದಿಲ್ಲ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಹಳೇ ಮನೆ ಕೆಡವಿದಾಗ ತೊಲೆ, ಬಾಗಿಲು ಚೌಕಟ್ಟು ಮಾರುತ್ತಾರಲ್ಲ, ಅವು ಅರವತ್ತು ವರ್ಷ ಒಣಗಿದ ಮರ. ಸಾಮಿಲ್‌ನಲ್ಲಿ ನಾಲ್ಕು ಸೆಂ.ಮೀ. ಅಗಲದ ಪಟ್ಟಿಗಳಾಗಿ ಸೀಳಿಸಿ. ಗಂಟು ಇರುವುದನ್ನು ಬದಿಗಿಡಿ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಅಂಟಿಸುವಾಗ ಒಂದನ್ನು ಬಿಟ್ಟು ಒಂದನ್ನು ಮಗುಚಿ ಇಡಿ. ಮರದ ತುದಿಯಲ್ಲಿ ಕಾಣುವ ಬಳೆಯಂಥ ಗೆರೆಗಳು ಒಂದರಲ್ಲಿ ಮೇಲಕ್ಕೆ, ಮುಂದಿನದರಲ್ಲಿ ಕೆಳಕ್ಕೆ ಬರಬೇಕು. ಆಗ ಒಂದು ಡೊಂಕಲು ಹೊರಟರೆ ಇನ್ನೊಂದು ಎಳೆದು ಹಿಡಿಯುತ್ತದೆ. ತೇಗದಲ್ಲಿ ಎಣ್ಣೆ ಜಾಸ್ತಿ, ಅಂಟಿಸುವ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸಬೇಕು. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಅಂದರೆ ಮೆರೀನ್ ಪ್ಲೈ ತನ್ನಿ, ನಾನೇನೂ ಬೈಯುವುದಿಲ್ಲ.

ಅಳತೆಗೆ ಹಳೇ ತುಂಡುಗಳನ್ನು ಜೋಡಿಸಿ ರಟ್ಟಿನ ಮೇಲೆ ಗೆರೆ ಎಳೆಯಿರಿ, ಬೋಲ್ಟ್ ತೂತಿನ ಜಾಗ ಮರೆಯಬೇಡಿ. ಆ ರಟ್ಟನ್ನೇ ಕತ್ತರಿಸಿ ಸೀಳಿನೊಳಗೆ ಇಟ್ಟು ಪೂರ್ತಿ ಮೇಲೆ, ಪೂರ್ತಿ ಕೆಳಗೆ ತಿರುಗಿಸಿ ನೋಡಿ. ರಟ್ಟು ಎಲ್ಲಾದರೂ ತಾಗಿದರೆ ನಷ್ಟ ಎರಡು ರೂಪಾಯಿ.

ಆಕಾರ ಕೊಡುವ ಕೆಲಸವನ್ನು ಜನ ದೊಡ್ಡ ವಿದ್ಯೆ ಅನ್ನುವಂತೆ ಹೆದರಿಸುತ್ತಾರೆ, ಅಷ್ಟೇನಿಲ್ಲ. ದೋಣಿಯ ಸೀಳಿನೊಳಗೇ ಉಳಿಯುವ ಮೇಲಿನ ಭಾಗವನ್ನು ಮುಟ್ಟಲೇಬೇಡಿ, ಅದು ಚಪ್ಪಟೆಯಾಗಿಯೇ ಇರಲಿ. ನೀರಿಗೆ ಇಳಿಯುವ ಭಾಗದಲ್ಲಿ ಮುಂದಿನ ಅಂಚಿನಿಂದ 9 ಸೆಂ.ಮೀ. ಒಳಗೆ ಒಂದು ಗೆರೆ, ಹಿಂದಿನ ಅಂಚಿನಿಂದ 12 ಸೆಂ.ಮೀ. ಒಳಗೆ ಇನ್ನೊಂದು ಗೆರೆ. ನಡುವೆ ಚಪ್ಪಟೆ. ಮುಂದಿನ ಅಂಚು ಪೆನ್ಸಿಲ್ ತರ ಪೂರ್ತಿ ಗುಂಡಗೂ ಬೇಡ, ಚೂಪಾಗಿಯೂ ಬೇಡ, ಕೋಳಿಮೊಟ್ಟೆಯ ಚೂಪು ತುದಿ ಇರುತ್ತದಲ್ಲ, ಆ ತರ. ಹಿಂದಿನ ಅಂಚು ಇಳಿಜಾರಾಗಿ ಬಂದು 3 ಎಂ.ಎಂ. ದಪ್ಪದಲ್ಲಿ ನಿಲ್ಲಲಿ. ಚಾಕುವಿನಂತೆ ಮಾಡಿದರೆ ಮೊದಲ ಕಲ್ಲಿಗೇ ಚೂರಾಗುತ್ತದೆ. ಉಜ್ಜುಗೊರಡು ಹಿಡಿದು ಉದ್ದಕ್ಕೆ ಕೀಸುತ್ತಾ ಹೋಗಿ. ಪ್ಲೈವುಡ್ಡಿನ ಒಂದು ಉಪಕಾರ ಇಲ್ಲಿದೆ: ಕೀಸಿದಂತೆ ಪದರಗಳ ಅಂಚು ಗೆರೆ ಗೆರೆಯಾಗಿ ಕಾಣುತ್ತದೆ. ಆ ಗೆರೆಗಳು ನೆಟ್ಟಗೆ, ಎರಡೂ ಮುಖದಲ್ಲಿ ಒಂದೇ ದೂರದಲ್ಲಿ ಇದ್ದರೆ ಆಕಾರ ಸರಿ ಬಂದಿದೆ ಅಂತ. ಗೆರೆ ಹಾವಿನಂತೆ ಹೊರಳಿದ ಕಡೆ ತಗ್ಗೋ ಉಬ್ಬೋ ಇದೆ. ಕೊನೆಗೆ ಉದ್ದನೆಯ ಪಟ್ಟಿಗೆ ಉಪ್ಪುಕಾಗದ ಅಂಟಿಸಿ ಉಜ್ಜಿ, ಬರಿಗೈಯಲ್ಲಿ ಉಜ್ಜಿದರೆ ಅಲೆ ಅಲೆ ಬರುತ್ತದೆ. ಕಣ್ಣು ಮುಚ್ಚಿ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಗುತ್ತದೆ.

ಇನ್ನು ಆ ತೂತು. ನಿಮ್ಮ ಬೋಲ್ಟ್ 10 ಎಂ.ಎಂ. ಇರಬಹುದು, ಅಳೆದು ನೋಡಿ. ತೂತನ್ನು 20 ಎಂ.ಎಂ.ಗೆ ಕೊರೆಯಿರಿ. ಹೌದು, ಎರಡರಷ್ಟು. ಒಳಗೋಡೆಗೆ ಬರೀ ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿ ಬಳಸುವ ಅಂಟು) ಸವರಿ, ಮರ ಹೀರಿಕೊಳ್ಳಲು ಬಿಡಿ. ಒಂದು ಕಡೆ ಟೇಪ್ ಹಚ್ಚಿ, ಎಪಾಕ್ಸಿಗೆ ಗಾಜಿನ ನಾರಿನ ಪುಡಿಯೋ ನಯವಾದ ಮರದ ಪುಡಿಯೋ ಕಲಸಿ, ಚಟ್ನಿಯಷ್ಟು ಗಟ್ಟಿ ಮಾಡಿ ತುಂಬಿ. ಒಂದೇ ಸಲ ತುಂಬಬೇಡಿ, ಎರಡು ಸಲ ಮಾಡಿ, ಎಪಾಕ್ಸಿ ಒಂದೇ ಕಡೆ ಜಾಸ್ತಿ ಇದ್ದರೆ ತಾನೇ ಕಾದು ಹೊಗೆ ಬರುವಷ್ಟು ಬಿಸಿಯಾಗುತ್ತದೆ. ಮರುದಿನ ಅದರ ನಡುವೆ ಹತ್ತೂವರೆ ಎಂ.ಎಂ. ತೂತು ಕೊರೆಯಿರಿ. ಈಗ ಬೋಲ್ಟಿಗೂ ಮರಕ್ಕೂ ಸಂಬಂಧವೇ ಇಲ್ಲ, ನಡುವೆ ನೀರು ಕುಡಿಯದ ಗೋಡೆ ಇದೆ. ಲೇತ್ ಅಂಗಡಿಯಲ್ಲಿ ಸ್ಟೀಲ್ ಬುಶ್ (ಬೋಲ್ಟ್ ಸುತ್ತ ಕೂರುವ ಕೊಳವೆ) ಮಾಡಿಸಿ, ಅದು ಹಿಡಿಸುವಷ್ಟು ತೂತನ್ನು ದೊಡ್ಡದು ಮಾಡಿ ಹಾಕುತ್ತೇನೆ ಅಂದರೆ ಇನ್ನೂ ಒಳ್ಳೆಯದು. ಬೋಲ್ಟ್ ಸ್ಟೇನ್‌ಲೆಸ್ ಇರಲಿ. ಸಿಹಿನೀರಿಗೆ 304 ಸಾಕು, ಸಮುದ್ರಕ್ಕೆ ಒಯ್ಯುವುದಾದರೆ 316.

ಹೊರಗೆ ಗಾಜಿನ ಬಟ್ಟೆ ಹೊದಿಸಬೇಕು. ಚದರ ಮೀಟರಿಗೆ 200 ಗ್ರಾಂ ತೂಗುವ ನೇಯ್ದ ಬಟ್ಟೆ, ಪ್ರತಿ ಮುಖಕ್ಕೆ ಎರಡು ಪದರ. ಮುಂದಿನ ಅಂಚನ್ನು ಸುತ್ತಿಕೊಂಡು ಇನ್ನೊಂದು ಮುಖಕ್ಕೆ ಮಡಚಿ ಬರಲಿ. ಇಲ್ಲಿ ಒಂದು ಎಚ್ಚರ. ಫೈಬರ್ ಬಾಗಿಲು, ಟ್ಯಾಂಕ್ ಮಾಡುವವರ ಹತ್ತಿರ ಸಿಗುವುದು ಪಾಲಿಯೆಸ್ಟರ್ ರೆಸಿನ್, ಜೊತೆಗೆ ಚಾಪೆಯಂತೆ ಚೂರು ನಾರಿನ ಮ್ಯಾಟ್. ಅಗ್ಗ. ನಾನೂ ಒಮ್ಮೆ ಆಸೆಗೆ ಬಿದ್ದು ಅದನ್ನೇ ಮರದ ಮೇಲೆ ಹಾಕಿದ್ದೆ. ಮೂರನೇ ತಿಂಗಳಿಗೆ ಹಪ್ಪಳದಂತೆ ಎದ್ದು ಬಂತು. ಪಾಲಿಯೆಸ್ಟರ್ ಮರವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಸರಿ ಎಪಾಕ್ಸಿ ತರುತ್ತೇನೆ, ಮ್ಯಾಟ್ ಮಾತ್ರ ಅದನ್ನೇ ಬಳಸುತ್ತೇನೆ ಅಂದರೂ ಕಷ್ಟ, ಆ ಮ್ಯಾಟನ್ನು ಹಿಡಿದಿಟ್ಟ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ, ಎಪಾಕ್ಸಿಗೆ ಅದು ಬಗ್ಗುವುದಿಲ್ಲ.

ಪಾಲಿಯೆಸ್ಟರ್ ಕೆಲಸ ಗೊತ್ತಿದ್ದವರು ಎಪಾಕ್ಸಿಯಲ್ಲಿ ಮಾಡುವ ಇನ್ನೊಂದು ತಪ್ಪು: ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಸ್ವಲ್ಪ ಜಾಸ್ತಿ ಸುರಿಯುವುದು. ಪಾಲಿಯೆಸ್ಟರಿಗೆ ಅದು ನಡೆಯುತ್ತದೆ. ಎಪಾಕ್ಸಿ ಹಾಗೆ ಮಾಡಿದರೆ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಡಬ್ಬದ ಮೇಲೆ ಇರುವ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿ ಹಾಕಿ. ಅಂದಾಜು ಬೇಡವೇ ಬೇಡ.

ಬಟ್ಟೆ ಹಾಕುವುದು ಸಂಜೆ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಕಲಸಿದರೆ ಬ್ರಶ್ ತೆಗೆಯುವಷ್ಟರಲ್ಲಿ ಡಬ್ಬದಲ್ಲೇ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ಬೆಳಿಗ್ಗೆ ಹಾಕಿದರೆ ಹೊತ್ತೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಗುಳ್ಳೆಯಾಗಿ ಮೇಲೆ ಬರುತ್ತದೆ. ಸಂಜೆ ತಂಪಾಗುತ್ತಾ ಹೋದಾಗ ಗಾಳಿ ಕುಗ್ಗಿ ಎಪಾಕ್ಸಿಯನ್ನು ಮರದೊಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೇಲೆ ಮೇಣದಂಥ ಜಿಡ್ಡು ಕಂಡರೆ ಉಜ್ಜುವ ಮುಂಚೆ ನೀರು ಹಾಕಿ, ಪಾತ್ರೆ ತಿಕ್ಕುವ ಹಸಿರು ನಾರಿನಿಂದ ತೊಳೆಯಿರಿ. ಅದನ್ನು ಬಿಟ್ಟು ಪೇಂಟ್ ಮಾಡಿದರೆ ಪೇಂಟ್ ನಿಲ್ಲುವುದಿಲ್ಲ. ಪೇಂಟ್ ಬೇಕೇ ಬೇಕು, ಬಿಸಿಲಿಗೆ ಬರೀ ಎಪಾಕ್ಸಿ ಹಳದಿಯಾಗಿ ಸುಣ್ಣದಂತೆ ಉದುರುತ್ತದೆ. ಕೈಗವಸು ಹಾಕಿಕೊಳ್ಳಿ, ಉಜ್ಜುವಾಗ ಮಾಸ್ಕ್. ಹಸಿ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಒಂದು ದಿನ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗುತ್ತದೆ, ಆಮೇಲೆ ಡಬ್ಬ ತೆರೆದರೂ ತುರಿಕೆ.

ಲೆಕ್ಕ ಹಾಕಿ: 18 ಎಂ.ಎಂ. ಮರ, ಎರಡೂ ಕಡೆ ಅರ್ಧರ್ಧ ಎಂ.ಎಂ. ಗಾಜು, ಮೇಲೆ ಪೇಂಟ್, ಒಟ್ಟು ಹತ್ತೊಂಬತ್ತೂವರೆ. 25ರ ಸೀಳಿನಲ್ಲಿ ಅಕ್ಕಪಕ್ಕ ಎರಡೂವರೆ, ಎರಡೂಮುಕ್ಕಾಲು ಎಂ.ಎಂ. ಜಾಗ ಉಳಿಯಿತು. ಅಷ್ಟು ಬೇಕು, ಮರಳು ಕಲ್ಲುಪುಡಿ ಸಿಕ್ಕಿದರೂ ಹಲಗೆ ಆಡಬೇಕಲ್ಲ. ಜಾಸ್ತಿ ಸಡಿಲವಾಗಿ ಟಕ ಟಕ ಅಂದರೆ ತಲೆಭಾಗದ ಎರಡೂ ಕಡೆ ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ತೆಳು ಪಟ್ಟಿ ಕೀಸಿ ಸಣ್ಣ ಸ್ಕ್ರೂ ಹಾಕಿ ಕೂರಿಸಿ. ಆ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ಸ್ಕ್ರೂ ತೂತಿಗೂ ಎಪಾಕ್ಸಿ ಬಿಟ್ಟೇ ಸ್ಕ್ರೂ ಹಾಕಬೇಕು.

ಕೊನೆಯದಾಗಿ, ಮರದ ಹಲಗೆ ತೇಲುತ್ತದೆ, ಕೆಳಗೆ ಇಳಿಯಲು ಒಪ್ಪುವುದಿಲ್ಲ. ಕೆಲವರು ತುದಿಯಲ್ಲಿ ತೂತು ಮಾಡಿ ಸೀಸ ಕರಗಿಸಿ ಸುರಿಯುತ್ತಾರೆ. ನಿಮ್ಮ ಅಳತೆಗೆ ಒಂದೂವರೆ ಎರಡು ಕೆ.ಜಿ. ಬೇಕಾದೀತು. ಸೀಸ 327 ಡಿಗ್ರಿಗೆ ಕರಗುತ್ತದೆ, ಅದರ ಹೊಗೆ ವಿಷ, ಮರದಲ್ಲಿ ಒಂದು ಹನಿ ತೇವ ಇದ್ದರೂ ಸಿಡಿದು ಮುಖಕ್ಕೆ ಬರುತ್ತದೆ. ನಾನು ಬೇಡ ಅನ್ನುತ್ತೇನೆ. ಹಲಗೆಯನ್ನು ಕೆಳಗೆ ಎಳೆದು ಹಿಡಿಯಲು ಒಂದು ಹಗ್ಗ, ಅದರ ಕೊನೆಗೆ ಗಟ್ಟಿ ರಬ್ಬರ್ ಹಗ್ಗ ಕಟ್ಟಿದರೆ ಸಾಕು. ಹಿನ್ನೀರಿನ ಅಂಚಿನಲ್ಲಿ ಮುಳುಗಿದ ಜಾಲಿ ಮೋಟೋ ಬಂಡೆಯೋ ತಾಗಿದಾಗ ರಬ್ಬರ್ ಹಿಗ್ಗಿ ಹಲಗೆ ತಾನಾಗೇ ಮೇಲೆ ಮಡಚಿಕೊಳ್ಳುತ್ತದೆ. ಲೈಫ್ ಜಾಕೆಟ್ ಇಬ್ಬರಿಗೂ, ಈಜು ಬಂದರೂ.

ಪ್ರಶ್ನೆ: ನಮ್ಮ ಗುಡ್ಡದ ಹತ್ತಿರ ಗಾಳಿಯಂತ್ರದ ಮುರಿದ ರೆಕ್ಕೆ ಬಿದ್ದಿದೆ. ಫೈಬರ್, ಆಕಾರವೂ ರೆಕ್ಕೆಯದ್ದೇ. ಕೇಳಿದರೆ ಒಂದು ತುಂಡು ಕೊಡುತ್ತಾರೆ. ದೋಣಿಯ ಹಲಗೆಗೆ ಅದು ಆಗುತ್ತಾ? — ಚಿತ್ರದುರ್ಗದ ಓದುಗರು

ಉತ್ತರ: ಯೋಚನೆ ಚೆನ್ನಾಗಿದೆ, ಕೆಲಸಕ್ಕೆ ಬಾರದು. ಜೋಗಿಮಟ್ಟಿ ಕಡೆ ತಿರುಗುವ ಆ ರೆಕ್ಕೆಗಳು ಒಂದೇ ಕಡೆಗೆ ತಿರುಗಬೇಕಾದವು. ಹಾಗಾಗಿ ಒಂದು ಮುಖ ಹೆಚ್ಚು ಉಬ್ಬು, ಇನ್ನೊಂದು ಕಡಿಮೆ, ಸಾಲದ್ದಕ್ಕೆ ಉದ್ದಕ್ಕೂ ತಿರುಚಿಕೊಂಡಿರುತ್ತವೆ. ದೋಣಿಗೆ ಹಾಕಿದರೆ ಒಂದು ಕಡೆ ಹೋಗುವಾಗ ಚೆನ್ನಾಗಿ ಹಿಡಿಯುತ್ತದೆ, ವಾಪಸ್ ಬರುವಾಗ ಕೈಕೊಡುತ್ತದೆ. ಒಳಗೆ ಹಗುರವಾದ ಬಾಲ್ಸಾ ಮರವೋ ಫೋಮೋ ಇರುತ್ತದೆ, ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೋದರೆ ಹಿರಿಯೂರಿನವರ ಹಲಗೆಯ ಕತೆಯೇ. ಗ್ರೈಂಡರ್ ಹಚ್ಚಿ ಕತ್ತರಿಸುವಾಗ ಏಳುವ ಗಾಜಿನ ಪುಡಿ ಮೈಗೆ ಹತ್ತಿದರೆ ಎರಡು ದಿನ ನಿದ್ದೆ ಬರುವುದಿಲ್ಲ. ಹೋಗಿ ನೋಡಿಕೊಂಡು ಬನ್ನಿ, ಮುರಿದ ಕಡೆ ಪದರಗಳನ್ನು ಹೇಗೆ ಹಾಕಿದ್ದಾರೆ ಅಂತ ಕಾಣುತ್ತದೆ, ಅದು ಉಪಯೋಗ.

ಪ್ರಶ್ನೆ: ಮರದ ರಗಳೆ ಬೇಡ ಅಂತ 6 ಎಂ.ಎಂ. ಕಬ್ಬಿಣದ ತಗಡು ಕತ್ತರಿಸಿ ಹಾಕಿದರೆ? — ಹರಿಹರದ ಓದುಗರು

ಉತ್ತರ: ಮೇಲಿನ ಅಳತೆಗೆ ಹದಿನೈದೂವರೆ ಕೆ.ಜಿ. ಆಗುತ್ತದೆ. ಅಲ್ಯೂಮಿನಿಯಂ ಆದರೆ ಐದು ಚಿಲ್ಲರೆ. ಹನ್ನೆರಡು ಅಡಿಯ ದೋಣಿಯಲ್ಲಿ ಹದಿನೈದು ಕೆ.ಜಿ. ತೂಕವನ್ನು ಪ್ರತಿ ಸಲ ಹಗ್ಗದಲ್ಲಿ ಎಳೆಯುವವರು ಯಾರು? ಕಲಿಯುವವರಿಗೆ ಅಲ್ಯೂಮಿನಿಯಂ ತಗಡು ನಡೆಯುತ್ತದೆ, ಚಪ್ಪಟೆ ತಗಡು ನೀರಿನಲ್ಲಿ ಬೇಗ ಹಿಡಿತ ಬಿಡುತ್ತದೆ ಅನ್ನುವುದು ಗೊತ್ತಿರಲಿ. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂಗೆ ನೇರ ತಾಗದಂತೆ ನೈಲಾನ್ ಬುಶ್ ಹಾಕಿ, ಇಲ್ಲದಿದ್ದರೆ ತೂತಿನ ಸುತ್ತ ತಿಂದುಹಾಕುತ್ತದೆ.

ಪ್ರಶ್ನೆ: ಸೂಳೆಕೆರೆಯಲ್ಲಿ ನಮ್ಮ ಚಪ್ಪಟೆ ತಳದ ದೋಣಿಗೆ ಹಾಯಿ ಕಟ್ಟಿ ನೋಡಿದೆವು. ಗಾಳಿ ಎತ್ತ ಬೀಸುತ್ತೋ ಅತ್ತ ಹೋಗುತ್ತದೆ, ವಾಪಸ್ ಬರಲು ಹುಟ್ಟು ಹಾಕಬೇಕು. ತಳದಲ್ಲಿ ಸೀಳು ಕೊರೆಯಬೇಕಾ? — ಚನ್ನಗಿರಿ ತಾಲ್ಲೂಕಿನ ಓದುಗರು

ಉತ್ತರ: ಗಟ್ಟಿ ದೋಣಿಯ ತಳಕ್ಕೆ ಯಾಕೆ ತೂತು ಮಾಡುತ್ತೀರಿ! ಹಲಗೆಯನ್ನು ದೋಣಿಯ ಪಕ್ಕೆಗೆ ನೇತುಹಾಕಿ. ನೆದರ್‌ಲ್ಯಾಂಡ್ಸಿನವರು ಆಳವಿಲ್ಲದ ನೀರಿನಲ್ಲಿ ಶತಮಾನಗಳಿಂದ ಹೀಗೇ ಮಾಡಿದ್ದಾರೆ, ಎರಡೂ ಪಕ್ಕೆಗೆ ಒಂದೊಂದು ಹಲಗೆ. ಸಣ್ಣ ದೋಣಿಗೆ ಒಂದೇ ಸಾಕು. ದೋಣಿಯ ನಡುಭಾಗದಲ್ಲಿ, ಮೇಲಂಚಿಗೆ ದಪ್ಪ ತುಂಡು ಮರ ಕೂರಿಸಿ ಬೋಲ್ಟ್ ಹಾಕಿ, ಕೆಳಗೆ ಪಕ್ಕೆಗೆ ಒರಗಿಕೊಳ್ಳಲು ಇನ್ನೊಂದು ಪಟ್ಟಿ. ಜಾಗ ಸ್ವಲ್ಪ ಹಿಂದೆ ಮುಂದೆ ಮಾಡಿ ನೋಡಬೇಕಾಗುತ್ತದೆ. ಚುಕ್ಕಾಣಿ ಬಿಟ್ಟಾಗ ದೋಣಿಯ ಮೂಗು ನಿಧಾನವಾಗಿ ಗಾಳಿಯ ಕಡೆ ತಿರುಗಿದರೆ ಜಾಗ ಸರಿ ಇದೆ. ಗಾಳಿಗೆ ಬೆನ್ನು ಹಾಕಿ ತಿರುಗಿದರೆ ಹಲಗೆಯನ್ನು ಒಂದು ಗೇಣು ಮುಂದೆ ತನ್ನಿ.

ಪ್ರಶ್ನೆ: ಹೊಸ ಹಲಗೆ ಹಾಕಿದ್ದೇವೆ. ದೋಣಿ ವೇಗ ಹಿಡಿದಾಗ ಗುಂಯ್ ಅಂತ ಸದ್ದು, ಚುಕ್ಕಾಣಿಯೂ ನಡುಗುತ್ತದೆ. ಮುರಿಯುತ್ತಾ? — ಹೆಸರು ಬರೆಯದವರು

ಉತ್ತರ: ಮುರಿಯುವುದಿಲ್ಲ. ನಿಮ್ಮ ಹಲಗೆಯ ಹಿಂದಿನ ಅಂಚು ಗುಂಡಗೇ ಉಳಿದಿದೆ ಅನಿಸುತ್ತದೆ, ಅಲ್ವಾ? ಅಲ್ಲಿ ನೀರು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಸುಳಿ ಬಿಡುತ್ತಾ ಹಲಗೆಯನ್ನು ತಂತಿಯಂತೆ ಮೀಟುತ್ತದೆ. ಅಂಚನ್ನು ಮೂಲೆ ಚೂಪಾಗಿರುವಂತೆ ನೇರ ಕತ್ತರಿಸಿ, ಆಮೇಲೆ ಒಂದೇ ಕಡೆಗೆ ಸುಮಾರು 30 ಡಿಗ್ರಿ ಓರೆ ಮಾಡಿ. ಕೀಸಿದ ಕಡೆ ಎಪಾಕ್ಸಿ ಹಚ್ಚುವುದು ಮರೆಯಬೇಡಿ.